ಕೈ ಬದಲಾದ ಎತ್ತು

ಎದ್ದೇಳ್ಬ್ಯಾಡ, ಕೂತ್ಕೋ. ನಿನ್ನ ಎತ್ತು ಕದಿಯಕ್ಕೆ ಬಂದೋನಲ್ಲ ನಾನು.

ನಿನ್ನ ಎತ್ತು ಅಂದ್ನಾ? ಅಂದೆ, ಓಗ್ಲಿ. ಅಶ್ವತ್ಥಪ್ಪನೋರ ಎತ್ತು. ಅವ್ರು ಉಂಡು ಮಲಗವ್ರೆ, ನೋಡ್ಕೊಂಡೇ ಬಂದೆ. ನೀನೂ ಈಗ ತಾನೇ ಉತ್ತು ಬಂದು ಕಟ್ಟಿದ್ದೀಯ. ಇದೇ ಒಳ್ಳೇ ಒತ್ತು ಅಂತ ಬಂದೆ.

ನಾನು ಯಾರು ಅಂತ ಕೇಳಲ್ವಾ? ಕೇಳ್ಬ್ಯಾಡ, ಗೊತ್ತೈತೆ ನಿಂಗೆ. ಒಲದ ಬದೂನಲ್ಲಿ ಉಣಸೇಮರದ ಅಡೀಲಿ ನಿಂತು ನೋಡ್ತಿದ್ದೋನು ನಾನೇ. ಒಂದಿನ ಕಳ್ಳ ಅಂತ ಕಲ್ಲು ಬೀರ್ದೆ. ತಾಗ್ಲಿಲ್ಲ. ಮುನಿಶಾಮಿ ಅಂತಾರೆ ನನ್ನ. ಬುದ್ಧಿ ಬಂದಾಗಿಂದ ಈ ಯುಗಾದಿವರ್ಗೂ ಈ ಕೊಟ್ಟಿಗೇಲೇ ಇದ್ದೋನು. ನಮ್ಮಪ್ಪನೂ ಇಲ್ಲೇ ಜೀತ, ನಾನೂ ಇಲ್ಲೇ ಜೀತ. ನೀನು ಒರಗಿದ್ದೀಯಲ್ಲ ಆ ಕಂಬ... ನನ್ನ ಬೆನ್ನು ಉಜ್ಜಿ ಉಜ್ಜಿ ನುಣ್ಣಗಾಗಿರೋದು ಅದು.

ಒರಗ್ಕೋ, ಒರಗ್ಕೋ. ಏನೋ ಒಂದು ಮಾತು ಅಂದೆ, ಅಷ್ಟೆ.

ನಾನು ಮಾತಾಡೋನಲ್ಲ ಕಣಪ್ಪಾ. ಎತ್ತಿನ ಜೊತೆ ಬಾಳಿದೋನಿಗೆ ಮಾತ್ಯಾಕೆ. ಇವತ್ತು ಬಂದಿದ್ದೀನಿ, ನಿನ್ನ ಒಳ್ಳೇದಕ್ಕೇ. ಗಂಟುಮೂಟೆ ಕಟ್ಕೋ. ಎಂಡ್ತಿ ಮಗೂನ ಕರ್ಕೋ. ಸಾಯಂಕಾಲ ಸಂಘದ ವೆಂಕಟರತ್ನಮ್ಮನೋರು ಬಂಗಾರಪೇಟೆಯಿಂದ ನಮ್ಮ ಕಾಲೋನಿಗೆ ಬತ್ತಾರೆ. ಅವ್ರ ಮುಂದೆ ನಿಂತು, ಅಮ್ಮಾ, ನಾನೂ ಜೀತ ಬಿಟ್ಟೆ ಅನ್ನು. ಒಂದೇ ಮಾತು. ಮುಂಗಡ ತಗೊಂಡಿದ್ದೀನಲ್ಲ ಅಂತ ಎದರ್ಬ್ಯಾಡ, ಅದನ್ನೆಲ್ಲ ಅವ್ರು ನೋಡ್ಕೋತಾರೆ. ನನ್ನ ಬಿಡ್ಸಿದ್ದೂ ಇಂಗೇ. ಸರ್ಕಾರದೋರ ಮುಂದೆ ನಿಲ್ಸಿ, ನೀನಿನ್ನು ಯಾರ ಆಳೂ ಅಲ್ಲ ಅಂದ್ರು. ಮನೆ ಕೊಟ್ರು. ಎಂಚಿನ ಮನೆ. ನಿಂಗೂ ಒಂದು ಮನೆ ಐತೆ ಅಲ್ಲಿ, ನಾನು ನೋಡಿ ಇಟ್ಟಿದ್ದೀನಿ.

ಯಾಕೆ ನಗ್ತೀಯಾ?

ಎಗಲ ಮೇಲಿನ ರಗ್ಗು ನೋಡಿ ನಗ್ತೀಯಾ? ಇಂಥ ಬಿಸ್ಲಲ್ಲಿ ರಗ್ಗು ಆಕ್ಕೊಂಡು ಬಂದವ್ನೆ ಮುದುಕ ಅಂತ. ನಗು. ಎಗಲ ಮೇಲೆ ಏನಾದ್ರೂ ಇಲ್ದಿದ್ರೆ ನಂಗೆ ನಡೆಯಕ್ಕೆ ಬರಲ್ಲ. ಇದು ಸಂಘದೋರು ಕೊಟ್ಟಿದ್ದು, ಪರದೇಶದ್ದು. ನನ್ನ ಕಂಬಳಿ ಬ್ಯಾರೆ ಇತ್ತು. ಈ ಕೊಟ್ಟಿಗೇಲಿ ಮಲಗ್ತಿದ್ದ ಕರೀ ಕಂಬಳಿ. ಯುದ್ಧ ಬಂತಲ್ಲ. ಗಡೀಲಿ ಸಿಪಾಯಿಗಳಿಗೆ ಚಳಿ ಅಂತ ವೆಂಕಟರತ್ನಮ್ಮನೋರು ಅಂದಿದ್ದೇ ತಡ, ನನ್ನ ಎಂಡ್ತಿ ಮುನಿಗಂಗಮ್ಮ ಅದನ್ನ ಒಗೆದು ಮಡಚಿ ಕೊಟ್ಬಿಟ್ಲು. ನಾನು ಒಲದಿಂದ ಬರೋವೊತ್ಗೆ ಜೀಪು ಓಗಿತ್ತು. ನಾವು ಜೀತ ಬಿಟ್ಟು ಒಂದು ಮಳೆಗಾಲ ಮುಗ್ದಿಲ್ಲ, ಆಗ್ಲೇ ಸರ್ಕಾರಕ್ಕೆ ದಾನ ಕೊಡೋರಾದ್ವಿ. ಆವತ್ತು ಅವಳು ಕತ್ತು ಎತ್ಕೊಂಡು ಓಡಾಡಿದ್ದು ನೀನು ನೋಡ್ಬೇಕಿತ್ತು.

ನಂಗೆ ಮಾತ್ರ ಸಂಕಟ. ಎಷ್ಟು ಒಗೆದ್ರೂ ಓಗೋ ವಾಸ್ನೆ ಅಲ್ಲ ಅದು. ಎಲ್ಲೋ ಪಂಜಾಬದ ಕಡೆ ಯಾವನೋ ಸಿಪಾಯಿ ನನ್ನ ಕಂಬಳಿ ಸುತ್ಕೊಂಡು, ನನ್ನ ಕೆಂದನ ವಾಸ್ನೇಲಿ ಮಲಗವ್ನೆ. ಕೆಂದ ಯಾರು ಅಂತ ಅವನಿಗೆ ಗೊತ್ತಾ?

ಕೆಂದ ಯಾರು ಅಂತ ನೀನು ಕೇಳ್ಬ್ಯಾಡ. ಆ ಕೆಂಪು ಎತ್ತೇ. ನೀನು ಅದನ್ನ ಏನಂತ ಕರೀತೀಯೋ ನಂಗೆ ಗೊತ್ತಿಲ್ಲ. ಏಳ್ಲೂ ಬ್ಯಾಡ.

ಕಾಲೋನಿ ಎಂಗೈತೆ ಅಂತೀಯಾ? ಚೆನ್ನಾಗೈತೆ. ಅಮೆರಿಕದ ಗೋದಿ ನುಚ್ಚು ಕೊಡ್ತಾರೆ, ಆಲಿನ ಪುಡಿ ಕೊಡ್ತಾರೆ, ಕೆಂಪು ಸೋಪು ಕೊಡ್ತಾರೆ. ಮೊದ್ಲು ಆಲಿನ ಪುಡಿ ಕೊಟ್ಟಾಗ ಅದೇನು ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಪಕ್ಕದ ಮನೆ ಪೆರುಮಾಳನ ಎಂಡ್ತಿ ರಾಗಿ ಇಟ್ಟಿನ ಜೊತೆ ಸುರಿದು ಮುದ್ದೆ ತೊಳಸಿದ್ಲು. ಕೋಲು ಮುದ್ದೇಲಿ ಕಚ್ಕೊಂಡು ಈಚೆಗೇ ಬರ್ಲಿಲ್ಲ. ಗಂಡ ಎಂಡ್ತಿ ಇಬ್ಬರೂ ಇಡ್ಕೊಂಡು ಎಳದ್ರು. ಆ ಮಡಕೆ ಇವತ್ಗೂ ಕೋಲಿನ ಸಮೇತ ಇತ್ತಲಲ್ಲಿ ಬಿದ್ದೈತೆ.

ಆಮೇಲೆ ಸೋಮವಾರ ರಾತ್ರಿ ಊಟ ಬಿಡ್ಬೇಕು ಅಂತ ಬಂತು. ದೇಶದಲ್ಲಿ ದವಸ ಕಮ್ಮಿ, ಯುದ್ಧ ನಿಂತೈತೆ ಅಂದ್ರೂ ನಿಂತಿಲ್ಲ, ಎಲ್ಲರೂ ಒಂದೊತ್ತು ಬಿಡ್ಬೇಕು ಅಂತ ಅಮ್ಮನೋರು ಬಂದು ಏಳಿದ್ರು. ಪೆರುಮಾಳ್ ಕೈ ಮುಗ್ದ. "ಅಮ್ಮಾ, ಅಂಗಾದ್ರೆ ನಾವು ಉಟ್ಟಿದಾಗಿಂದ ದೇಶಸೇವೆ ಮಾಡ್ತಿದ್ವಾ? ಯಾರೂ ಏಳ್ಲೇ ಇಲ್ವಲ್ಲ" ಅಂದ. ನಾವೆಲ್ಲ ನಕ್ವಿ. ಆಯಮ್ಮ ನಗ್ಲಿಲ್ಲ. ಜೀಪಲ್ಲಿ ಓಗಿ ಕೂತ್ಕೊಂಡು ಸೆರಗಲ್ಲಿ ಮುಖ ಒರೆಸ್ಕೊಂಡ್ರು. ಒಳ್ಳೇ ಎಂಗಸು. ನಾನು ಇಲ್ಲ ಅನ್ನಲ್ಲ.

ಎತ್ತೂ ಕೊಟ್ಟವ್ರೆ. ನಾಕು ಮನೆಗೆ ಒಂದು ಜೊತೆ. ಇವತ್ತು ಪೆರುಮಾಳ, ನಾಳೆ ನಾನು, ನಾಡಿದ್ದು ಇನ್ನೊಬ್ಬ. ನಾಕು ಜನರ ಕೈಲಿ ಉಲ್ಲು ತಿನ್ನೋ ಎತ್ತು ಯಾರ ಮಾತೂ ಕೇಳಲ್ಲ. ನೊಗ ಎತ್ತಿದ್ರೆ ನನ್ನ ಕಡೆ ನೋಡ್ತವೆ... ಬಾಡಿಗೆ ಜಟಕಾದೋನು ಗಿರಾಕೀನ ನೋಡ್ದಂಗೆ.

ಕೆಂದ ಅಂಗಲ್ಲ. ಇವನ್ನ ಉಟ್ಟಿಸಿ ಇವನ ತಾಯಿ ಆ ಮೂಲೇಲಿ ಸತ್ತೋದ್ಲು. ಬಟ್ಟೆ ಅದ್ದಿ ಅದ್ದಿ ಆಲು ಕುಡಿಸ್ದೋನು ನಾನು. ಮೊದಲನೇ ಸಲ ನೊಗ ಇಟ್ಟಾಗ ಬೆದರಿ ಮಲಗಿಬಿಟ್ಟ. ಅಶ್ವತ್ಥಪ್ಪನೋರ ಮಗ ಚಾಟಿ ಎತ್ತಿದ. ನಾನು ಅಡ್ಡ ನಿಂತೆ, ಏಟು ನನ್ನ ಬೆನ್ನಿಗೆ ಬಿತ್ತು. ಇವತ್ಗೂ ಇವನ ಮೈ ಮೇಲೆ ಒಂದು ಬಾಸುಂಡೆ ಇಲ್ಲ. ನೀನು ಒಡೀತೀಯಾ ಇವನ್ನ?

ಇಲ್ಲ. ಇಲ್ಲ ಅಂತ ಗೊತ್ತು, ಮರದ ಕೆಳಗೆ ನಿಂತು ನೋಡಿದ್ದೀನಲ್ಲ. ಒಡ್ದಿದ್ರೆ ಚೆನ್ನಾಗಿರ್ತಿತ್ತು.

ಏನಿಲ್ಲ. ಬಿಡು.

ಆದ್ರೂ ನೀನು ಆ ಇನ್ನೊಂದು ಎತ್ತು ಬೂದನ್ನ ಬಲಕ್ಕೆ ಕಟ್ಟಿದ್ದೀಯ, ಕೆಂದನ್ನ ಎಡಕ್ಕೆ. ತಪ್ಪು. ಕೆಂದ ಯಾವತ್ತೂ ಬಲಕ್ಕೆ. ಏನು ಕೈ ಆಡಿಸ್ತೀಯಾ? ಅವೇ ಓಗಿ ನಿಂತ್ವು ಅಂತೀಯಾ? ಸುಳ್ಳು. ಇಷ್ಟು ವರ್ಷ ಬಲಕ್ಕೆ ನಿಂತೋನು... ನೀನು ಬಂದು ಆರು ತಿಂಗ್ಳಿಗೆ ಅವನಿಗೇ ಎಡ ಬೇಕಾಯ್ತಾ? ಗಣಿಯೋನು ನೀನು. ನಂದಿದುರ್ಗದ ಚಿನ್ನದ ಗಣಿ ಕೂಲಿ ಲೈನಲ್ಲಿ ಉಟ್ಟಿ, ಬಂಡೆ ಕೊರ್ಕೊಂಡು ಇದ್ದೋನು. ಎತ್ತಿಗೆ ಮುಂದೆ ಯಾವುದು ಇಂದೆ ಯಾವುದು ಅಂತ ಈ ಯುಗಾದಿಗೆ ಕಲ್ತೋನು.

ಕೋಪ ಮಾಡ್ಕೋಬ್ಯಾಡ ತಂಬಿ. ನಿನ್ನ ಕತೆ ಕೇಳಿದ್ದೀನಿ. ಗಣೀಲಿ ಕೆಲ್ಸ ಓಯ್ತು, ಎಂಡ್ತಿಗೆ ಕಾಯ್ಲೆ ಬಂತು, ಬೆಟ್ಟದಂಗಿದ್ದೋನು ಇಲ್ಲಿ ಬಂದು ಬಿದ್ದೆ. ಊರಿನ ಜೀತದೋರೆಲ್ಲ ಕಾಲೋನಿಗೆ ಬಂದ್ಬಿಟ್ವಿ, ಈ ಮನೆಗೆ ಒಂದು ಆಳು ಬೇಕಿತ್ತು. ನಾನು ಎದ್ದ ಜಾಗದಲ್ಲಿ ನೀನು ಕೂತೆ. ನೀನೂ ಒತ್ತು ಮುಳುಗಿದ ಮೇಲೆ ಆ ಕಡೆ ನೋಡ್ಕೊಂಡು ನಿಲ್ತೀಯ, ಕಂಡಿದ್ದೀನಿ. ಮೊದ್ಲು ಗಣಿ ದೀಪ ಇಲ್ಲೀವರ್ಗೂ ಕಾಣ್ತಿದ್ವು. ಯುದ್ಧ ಅಂತ ಆರಿಸವ್ರೆ. ಕತ್ಲನ್ನೇ ನೋಡ್ತಾ ನಿಲ್ತೀಯ. ಅದ್ಕೇ ಬಂದೆ. ನನ್ನಿಂದ ಒಬ್ಬ ಇಲ್ಲಿ ಸಿಕ್ಕಾಕ್ಕೊಂಡ ಅಂತ ಆಗ್ಬಾರ್ದು ನೋಡು. ಅದ್ಕೇ.

ಒಟ್ಟೆಕಿಚ್ಚು ಅಂತೀಯಾ? ನಂಗ್ಯಾಕೆ ನಿನ್ನ ಮೇಲೆ ಒಟ್ಟೆಕಿಚ್ಚು. ಜೀತದ ಆಳಿನ ಮೇಲೆ ಯಾರಾದ್ರೂ ಒಟ್ಟೆಕಿಚ್ಚು ಪಡ್ತಾರಾ? ಬಾಯಿ ಬಿಟ್ಟು ಅನ್ಲಿಲ್ಲ, ಸರಿ. ಉಬ್ಬು ಎತ್ತಿದೆಯಲ್ಲ, ಸಾಕು.

ಕೇಳು. ಸಂತೇಲಿ ಎತ್ತು ಮಾರಿದೋನು ಎತ್ತು ಕೊಡ್ತಾನೆ, ಅಗ್ಗ ಕೊಡಲ್ಲ. ಅಗ್ಗ ಬಿಚ್ಕೊಂಡು ಮನೆಗೆ ತಗೊಂಡೋಗ್ತಾನೆ. ನೀನು ಗಣಿಯೋನು, ನಿಂಗೆ ಗೊತ್ತಿರಲ್ಲ. ನಾನು ಈ ಕೊಟ್ಟಿಗೆ ಬಿಟ್ಟ ದಿನ ಕೆಂದನ ಕೊರಳಿಂದ ಅಗ್ಗ ಬಿಚ್ಚಿ ಎಗಲಿಗೆ ಆಕ್ಕೊಂಡೆ. ಅಶ್ವತ್ಥಪ್ಪನೋರು ಜಗಲೀಲಿ ನಿಂತು, ಯಾವನ ಎತ್ತು ಮಾರ್ದೆಯೋ ನೀನು ಅಂತ ಕೇಳಿದ್ರು. ನಂದಲ್ಲ ಬುದ್ಧಿ ಅಂದೆ. ಅಗ್ಗ ಮಾತ್ರ ಬಿಡ್ಲಿಲ್ಲ. ಊರೆಲ್ಲ ನಕ್ರು. ಈಗ ಅದೇ ಅಗ್ಗದಲ್ಲಿ ಮುನಿಗಂಗಮ್ಮ ಕಾಲೋನಿ ಬಾವೀಲಿ ನೀರು ಸೇದ್ತಾಳೆ. ಬ್ಯಾಡ ಅಂದೆ. ಕೇಳಲ್ಲ.

ಈಗ ಅವಳು ನನ್ನ ಮಾತು ಕೇಳಲ್ಲ. ಮೊದ್ಲು ಕೇಳ್ತಿದ್ಲಾ ಅಂದ್ರೆ... ಮಾತಾಡಕ್ಕೆ ಒತ್ತೆಲ್ಲಿತ್ತು. ಅವಳು ಅವ್ರ ಮನೆ ಇತ್ತಲಲ್ಲಿ, ನಾನು ಇಲ್ಲಿ. ಈಗ ಸಿಪಾಯಿಗಳಿಗೆ ಸ್ವೆಟರ್ ಎಣೀತಾಳೆ. ಅವ್ರ ರೈಲು ಬತ್ತದೆ ಅಂದ್ರೆ ಅಮ್ಮನೋರ ಜೊತೆ ಬಂಗಾರಪೇಟೆ ಸ್ಟೇಷನ್ನಿಗೆ ಓಗಿ ಚಿತ್ರಾನ್ನದ ಪೊಟ್ಟಣ ಕೊಟ್ಟು ಬತ್ತಾಳೆ. ಮೀಸೆ ಬಿಟ್ಟ ಸಿಪಾಯಿ ಒಬ್ಬ ಕಿಟಕೀಲಿ ಕೈ ಮುಗ್ದನಂತೆ. ನಮ್ಮ ಜನಕ್ಕೆ ಯಾರು ಕೈ ಮುಗ್ದವ್ರೆ ಏಳು ಅಂತಾಳೆ. ಮಾತೆತ್ತಿದ್ರೆ ಆ ಸಿಪಾಯಿ. ನಂಗೆ ಕೇಳಿ ಕೇಳಿ ಸಾಕಾಯ್ತು. ಅವನ ಮೀಸೆ ಬೆಂಕಿಗಾಕ.

ಬೆಳಿಗ್ಗೆ ಇನ್ನೂ ಕೋಳಿ ಕೂಗೋಕ್ಕೆ ಮುಂಚೆ ಎಚ್ಚರ ಆಗ್ತದೆ ನಂಗೆ. ಎದ್ದು ಉಲ್ಲು ಆಕ್ಬೇಕು ಅನ್ಸ್ತದೆ. ಯಾರಿಗೆ ಆಕ್ಲಿ? ಸುಮ್ನೆ ಬಾಗ್ಲಲ್ಲಿ ನಿಂತಿರ್ತೀನಿ. ಒಂದಿನ ಅವಳು ನೋಡಿದ್ಲು. "ನಿನ್ನ ಕೊರಳ ಅಗ್ಗ ಬಿಚ್ಚಿದ್ರು, ನೀನು ಗೂಟ ಉಡುಕ್ಕೊಂಡು ಓಗ್ತೀಯ ಕಣಯ್ಯ" ಅಂದ್ಲು. ಎಂಥ ಮಾತು ನೋಡು. ಓದು ಬರಾ ಕಲಿಸ್ತಾರಲ್ಲ ಅಮ್ಮನೋರು, ಅಲ್ಲಿ ಕಲ್ತಿರ್ಬೇಕು.

ನನ್ನ ಕೈಲಿ ಇದೇನು ಗಂಟು ಅಂತ ಆವಾಗಿಂದ ನೋಡ್ತಿದ್ದೀಯ. ಬಿಚ್ತೀನಿ ತಾಳು. ಗೋದಿ ನುಚ್ಚು. ಬೆಲ್ಲ ಆಕಿ ಬೇಯ್ಸಿದ್ದು. ನನ್ನ ಪಾಲಿಂದೇ, ಅವಳ ಪಾಲು ಮುಟ್ಟಿಲ್ಲ. ಅಶ್ವತ್ಥಪ್ಪನೋರ ಎತ್ತಿಗೆ ಸಂಘದ ನುಚ್ಚು ಓಯ್ತು ಅಂದ್ರೆ ಪೆರುಮಾಳ್ ನನ್ನ ಊರಾಚೆ ಓಡಿಸ್ತಾನೆ. ನೀನು ಬಾಯಿ ಬಿಡ್ಬ್ಯಾಡ.

ಬಾ ಕೆಂದ. ಬಾರೋ... ನಾನು ಕಣೋ.

ಮೂಸ್ತಾನೆ, ನೋಡು. ಮೂಸ್ತಾನೆ...

ತಿರುಗಿಸ್ಬಿಟ್ಟ ಮೂತೀನ.

ಸೋಪು ಕಣಪ್ಪಾ. ಆ ಕೆಂಪು ಸೋಪಿನ ವಾಸ್ನೆ. ಅದನ್ನ ಬಿಟ್ಟು ಎಷ್ಟೋ ದಿನ ಆಯ್ತು. ಮೈ ನಾರ್ತದೆ ಅಂತ ಮುನಿಗಂಗಮ್ಮ ನನ್ನ ಚಾಪೆ ಈಚೆಗೆ ಎಸೆದ್ಲು, ಜಗಲೀಲಿ ಮಲಗ್ತೀನಿ. ಆದ್ರೂ ಓಗಿಲ್ಲ ಆ ವಾಸ್ನೆ. ಕಂಬಳಿ ಇದ್ದಿದ್ರೆ ಗುರ್ತು ಇಡೀತಿದ್ದ. ನನ್ನ ಗುರ್ತು ಸಿಕ್ಲಿಲ್ಲ ಅವನಿಗೆ, ಅಷ್ಟೆ. ನುಚ್ಚು ಬ್ಯಾಡವಾಗಿದ್ರೂ ಇರ್ಬೋದು. ಗೋದಿ ಅಭ್ಯಾಸ ಇಲ್ಲ ಅವನಿಗೆ.

ನೀನು ಕೊಡು ನೋಡಾನ. ಕೊಡು, ಪರ್ವಾಗಿಲ್ಲ.

...ತಿಂತಾನೆ.

ಬೆರಳ ಸಂದೀಲೆಲ್ಲ ನೆಕ್ತಾನೆ. ಕಣ್ಣು ಬ್ಯಾರೆ ಮುಚ್ಕೋತಾನೆ. ನಂಗೆ ಇಂಗೇ ಮಾಡ್ತಿದ್ದ. ಇಂಗೇ, ಕಣ್ಣು ಮುಚ್ಚಿ... ಸಾಕು. ಸಾಕು ತಗಿ ಕೈಯ.

ಏನು ಮದ್ದು ಆಕ್ದೆ ಅವನಿಗೆ? ಏನೂ ಇಲ್ವಾ? ಬರೀ ಉಲ್ಲು ನೀರು? ಉಲ್ಲು ನೀರು ನಾನೂ ಆಕಿದ್ದೀನಿ ಕಣ್ಲಾ. ಈ ಮನೇಲಿ ನಂಗೆ ಅಂತ ಏನಿತ್ತು ಏಳು. ಉಣ್ಣೋ ತಟ್ಟೆ ಅವ್ರದು, ಮಲಗೋ ಜಾಗ ಅವ್ರದು, ಬಾ ಅಂದ್ರೆ ಬರ್ಬೇಕು, ಓಗು ಅಂದ್ರೆ ಓಗ್ಬೇಕು. ಇಷ್ಟು ದೊಡ್ಡ ಲೋಕದಲ್ಲಿ ನಾನು ಬಾ ಅಂದ್ರೆ ಬರೋದು ಇವನೊಬ್ಬನೇ. ನಿಲ್ಲು ಅಂದ್ರೆ ನಿಲ್ಲೋದು ಇವನೊಬ್ಬನೇ. ಈಗ ಅದೂ ನಿಂದು.

ಓಗ್ಲಿ ಬಿಡು. ಒತ್ತಾಗ್ತದೆ. ನೀನು ಗಂಟು ಕಟ್ಟು. ಅಮ್ಮನೋರು ಬಂದು ಓಗ್ಬಿಟ್ರೆ ಮತ್ತೆ ಯಾವಾಗ್ಲೋ.

ಮನೆ ಎಂಗೈತೆ ಅಂತೀಯಾ? ಒಳ್ಳೇ ಮನೆ. ಬಾಗ್ಲು ಮೂಡಣಕ್ಕೆ, ಬೆಳಿಗ್ಗೆ ಬಿಸ್ಲು ಒಳಗೆ ಬಂದು ಬೀಳ್ತದೆ. ಒಲೆ ಒಂದು ಒಗೆ ಕಕ್ತದೆ, ಇಂಬದಿ ಕಿಟಕಿ ತಗ್ದಿಟ್ರೆ ಸರಿಯಾಗ್ತದೆ. ಅಗುಳಿ ಬಿಗಿ ಐತೆ, ಎಗಲು ಕೊಟ್ಟು ತಳ್ಳಿ ಆಮೇಲೆ ಎಳೀಬೇಕು. ಬಡಗಣ ಮೂಲೇಲಿ ಒಂದು ಎಂಚು ಸೀಳಿಬಿಟ್ಟೈತೆ. ಮಳೆ ಬಂದ್ರೆ ಸೋರ್ತದೆ. ದೊಡ್ಡದೇನಲ್ಲ, ಮುನಿಗಂಗಮ್ಮ ಅಲ್ಲಿ ಒಂದು ಚೆಂಬು ಇಟ್ಟು ಮಲಗ್ತಾಳೆ...

...

ಯಾಕೆ ಅಂಗೆ ನೋಡ್ತೀಯಾ?

ಪಕ್ಕದ ಮನೆ ಅದು. ಅವಳು ಓಗಿ ಬಂದು ನೋಡ್ಕೋತಾಳೆ. ಖಾಲಿ ಮನೆ ಅಲ್ವಾ, ಯಾರಾದ್ರೂ ನೋಡ್ಕೋಬೇಕಲ್ಲ.

ನೋಡ್ಬ್ಯಾಡ ಕಣ್ಲಾ ಅಂಗೆ. ಏನಾದ್ರೂ ಅನ್ನು. ಆಗ ನಗ್ತಿದ್ದೆಯಲ್ಲ, ಈಗ ನಗು.

ಸರಿ. ಖಾಲಿ ಇಲ್ಲ. ಖಾಲಿ ಆಗ್ತದೆ. ಸಂಘದಲ್ಲಿ ಒಂದು ಕಟ್ಟಳೆ ಐತೆ. ಬಿಡುಗಡೆ ಆದೋನು ತಿರ್ಗಾ ಜೀತಕ್ಕೆ ಓದ್ರೆ ಅವನ ಮನೆ ಕಿತ್ಕೊಂಡು, ಒಸದಾಗಿ ಬಂದೋನಿಗೆ ಕೊಡ್ತಾರೆ. ಬ್ಯಾರೆ ಮನೆ ಕಟ್ಟಕ್ಕೆ ಯುದ್ಧ ಮುಗಿಯೋವರ್ಗೂ ಸಿಮೆಂಟು ಇಲ್ಲ. ನಾನು ಇವತ್ತು ಬೆಳಿಗ್ಗೆ ಅಶ್ವತ್ಥಪ್ಪನೋರ ಜಗಲಿ ಮುಂದೆ ನಿಂತಿದ್ದೆ. ಅವ್ರು ಬಾಯಿ ಮುಕ್ಕಳಿಸ್ತಿದ್ರು. ಬಯ್ಲಿಲ್ಲ. ಅಗ್ಗದ ಮಾತು ಎತ್ಲಿಲ್ಲ. "ಒಂದು ಕೊಟ್ಟಿಗೆಗೆ ಇಬ್ಬರು ಯಾಕೋ ಮುನಿಶಾಮಿ. ಅವನು ಓದ್ರೆ ಬಾ" ಅಂದ್ರು.

ನಿಂಗೆ ಏಳಿದ್ರಾ?

ಏಳವ್ರೆ. ಬೆಳಿಗ್ಗೇನೇ ಗೊತ್ತು ನಿಂಗೆ. ಗೊತ್ತಿದ್ದೂ ಇಷ್ಟೊತ್ತು ಕೂತು ಕೇಳ್ದೆ. ನುಚ್ಚು ಕೊಡು ಅಂದ್ರೆ ನುಚ್ಚೂ ಕೊಟ್ಟೆ.

ನಿಂಗೆ ಒಳ್ಳೇದೇ ಅಲ್ವಾ? ಮನೆ ನಿಂಗೆ, ಕೊಟ್ಟಿಗೆ ನಂಗೆ. ಯಾರಿಗೆ ನಷ್ಟ ಏಳು. ಯಾರಿಗೂ ಇಲ್ಲ.

ಅವಳ ಎಸರು ಎತ್ಬ್ಯಾಡ.

ನೀನು ಎತ್ಲಿಲ್ಲ. ಗೊತ್ತು.

ಅವಳಿಗೆ ಏಳಿಲ್ಲ ನಾನು. ಬೆಳಿಗ್ಗೆ ಬರೋವಾಗ ಬಾಗ್ಲ ಮುಂದೆ ಒಂದು ಬೇವಿನ ಸಸಿ ನೆಡ್ತಿದ್ಲು. ಇದು ಎಂಚಿನ ಮಟ್ಟಕ್ಕೆ ಬಂದ್ರೆ ಜಗಲಿಗೆಲ್ಲ ನೆರಳು, ನಮಗೆ ಮುದಿ ಕಾಲಕ್ಕೆ ಆಗ್ತದೆ ಅಂದ್ಲು. ಊಂ ಅಂದೆ. ಊಂ ಅಂದು ಇಲ್ಲಿಗೆ ಬಂದೆ. ಅವಳು ಈ ಕೊಟ್ಟಿಗೆಗೆ ತಿರ್ಗಾ ಬರಲ್ಲ. ಸತ್ರೂ ಬರಲ್ಲ. ಎಲ್ಲಿಗೆ ಓಗ್ತಾಳೆ ಅಂತ ನಾನು ಯೋಚ್ನೆ ಮಾಡಿಲ್ಲ ಅನ್ಕೋಬ್ಯಾಡ. ಮಾಡ್ದೆ. ದಾರಿಯೆಲ್ಲ ಅದೇ ಯೋಚ್ನೆ. ಮಾಡ್ಕೊಂಡೇ ಬಂದೆ.

ಎದ್ದ್ಯಾ? ಎಲ್ಲಿಗೆ? ಗಂಟು ಕಟ್ಟಕ್ಕಾ...

ಓ, ನೀರಿಗಾ.

ಅಂದ್ರೆ ನೀನು ಓಗಲ್ಲ. ಒಬ್ಬ ಎಂಗಸಿನ ಮನೆ ಬ್ಯಾಡ ನಿಂಗೆ. ಬಯ್ದಿದ್ರೆ ಬಯ್ಸಿಕೊಂಡು ಎದ್ದೋಗ್ತಿದ್ದೆ. ಎಂಥೋನಪ್ಪಾ ನೀನು. ಜೀತದಲ್ಲಿ ಕೂತ್ಕೊಂಡು ನನ್ನ ಎಂಡ್ತಿ ಮನೆ ಕಾಯ್ತೀಯ.

ಅಗ್ಗ ಇಡ್ಕೊಳಲ್ವಾ? ಕೆಂದ ಅಂಗೇ ಬತ್ತಾನಾ ನಿನ್ನ ಇಂದೆ?

ಬತ್ತಾನೆ.

ಓಗ್ಲಿ, ನೀರು ಕುಡಿಸ್ಕೊಂಡು ಬಾ. ನೀನು ಬರೋವೊತ್ಗೆ ನಾನು ಇರಲ್ಲ. ಕಾಲೋನಿಗೆ ಓಗ್ತೀನಿ, ಇನ್ನೆಲ್ಲಿಗೆ. ಈ ಸಗಣಿ ಗಂಜಲ ಇಂಗೇ ಬಿಟ್ರೆ ಗೊರಸು ಕೊಳೀತದೆ. ಗುಡ್ಸಿ ಓಗ್ತೀನಿ, ನಿಂಗೊಂದು ಕೆಲ್ಸ ಕಮ್ಮಿ. ಇಲ್ಲೇ ಇರ್ಬೇಕಲ್ಲ. ಈ ಉಲ್ಲು ಆಕೋ ಗ್ವಾದ್ಲಿ ಸಂದೀಲಿ ಇಡ್ತಿದ್ದೆ ನಾನು... ಇಲ್ಲ. ಮೇಲೆ ಸೂರಿಗೆ ಸಿಕ್ಸಿದ್ದೀಯಾ? ಅಲ್ಲೂ ಇಲ್ಲ.

ತಂಬಿ... ಪೊರಕೆ ಎಲ್ಲಿಟ್ಟಿದ್ದೀಯಾ?